ಥೈರಾಯ್ಡ್ ಗ್ರಂಥಿಯಲ್ಲಿ ಕೀವು: ಗುರುತಿಸುವುದು ಹೇಗೆ, ಚಿಕಿತ್ಸೆ ಯಾವ ಕ್ರಮದಲ್ಲಿ

ಜ್ವರದ ಜೊತೆಗೆ ಕುತ್ತಿಗೆಯ ಮುಂಭಾಗ ಊದಿಕೊಂಡು, ಕೈ ತಾಗಿದರೂ ನೋವು ತಡೆಯಲಾಗದಿದ್ದರೆ, ಅಲ್ಲಿ ಕೀವು ಇದೆಯೇ ಎಂಬುದನ್ನು ಎಲ್ಲಕ್ಕಿಂತ ಮೊದಲು ನೋಡಬೇಕು. ಥೈರಾಯ್ಡ್ ಗ್ರಂಥಿ ಇರುವುದು ಅಲ್ಲಿಯೇ, ಗಂಟಲ ಮಣಿಯ ಕೆಳಗೆ, ಶ್ವಾಸನಾಳದ ಎರಡೂ ಬದಿಗೆ. ಈ ಗ್ರಂಥಿಗೂ ಬ್ಯಾಕ್ಟೀರಿಯಾ ಸೋಂಕು ತಗುಲುತ್ತದೆ. ಅಪರೂಪ ಎಂಬುದು ನಿಜ. ಥೈರಾಯ್ಡ್ ಕಾಯಿಲೆಗಳೆಲ್ಲದರಲ್ಲಿ ಇದರ ಪಾಲು ಶೇಕಡಾ 1ಕ್ಕಿಂತ ಕಡಿಮೆ. ಅಪರೂಪವಾದ್ದರಿಂದಲೇ ತಡವಾಗಿ ಪತ್ತೆಯಾಗುತ್ತದೆ, ತಡವಾದಷ್ಟೂ ಕೀವು ಉಸಿರಿನ ದಾರಿಯ ಪಕ್ಕದಲ್ಲಿ, ಎದೆಯ ಕಡೆಗೆ ಇಳಿಯುವ ಜಾಗದಲ್ಲಿ ಬೆಳೆಯುತ್ತಾ ಹೋಗುತ್ತದೆ.

ಕಲಬುರಗಿಯಲ್ಲಿ ಕಿವಿ, ಮೂಗು, ಗಂಟಲಿನ ರೋಗಿಗಳನ್ನು ನೋಡುತ್ತಾ ಬಂದಿರುವ ನನಗೆ ಎರಡು ಸಂಗತಿಗಳು ಸಂಕಟ ಕೊಟ್ಟಿವೆ. ಒಂದು, ಕೀವು ಇದೆಯೇ ಎಂದು ನೋಡದೆ ಥೈರಾಯ್ಡ್ ಬಾವಿಗೆ ಉರಿಯೂತ ತಗ್ಗಿಸುವ ಸ್ಟೆರಾಯ್ಡ್ ಔಷಧ ಕೊಟ್ಟುಬಿಡುವುದು. ಇನ್ನೊಂದು, ಮಗುವಿನ ಕುತ್ತಿಗೆಯ ಕೀವು ತೆಗೆದು, ಅದು ಎಲ್ಲಿಂದ ಬಂತೆಂದು ಹುಡುಕದೆ ಮನೆಗೆ ಕಳಿಸುವುದು. ಎರಡನ್ನೂ ತಪ್ಪಿಸಬಹುದು. ಅದಕ್ಕೆ ರೋಗಿಯ ಮನೆಯವರಿಗೂ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದವರಿಗೂ ಕ್ರಮ ಗೊತ್ತಿರಬೇಕು.

ಯಾರಿಗೆ ಬರುತ್ತದೆ

ಆರೋಗ್ಯವಂತ ಥೈರಾಯ್ಡ್ ಸುಲಭವಾಗಿ ಸೋಂಕಿಗೆ ಬಗ್ಗುವುದಿಲ್ಲ. ಅದರ ಸುತ್ತ ಗಟ್ಟಿ ಪೊರೆಯಿದೆ, ಒಳಗೆ ರಕ್ತ ಸಂಚಾರ ಧಾರಾಳ, ದುಗ್ಧರಸ ಬಸಿದು ಹೋಗುವ ದಾರಿಗಳೂ ಚೆನ್ನಾಗಿವೆ, ಜೊತೆಗೆ ಗ್ರಂಥಿಯಲ್ಲಿ ಅಯೋಡಿನ್ ತುಂಬಿರುತ್ತದೆ. ಇಷ್ಟೆಲ್ಲ ರಕ್ಷಣೆ ಇರುವ ಜಾಗದಲ್ಲಿ ಕೀವು ಕಟ್ಟಿದೆ ಎಂದರೆ ಎಲ್ಲೋ ಒಂದು ಬಾಗಿಲು ತೆರೆದಿದೆ ಎಂದೇ ತಿಳಿಯಬೇಕು.

ಮಕ್ಕಳಲ್ಲಿ ಆ ಬಾಗಿಲು ಹುಟ್ಟಿನಿಂದಲೇ ಬಂದ ಒಂದು ಸಣ್ಣ ನಾಳ. ಗರ್ಭದಲ್ಲಿ ಕುತ್ತಿಗೆ ರೂಪುಗೊಳ್ಳುವಾಗ ಮುಚ್ಚಿಹೋಗಬೇಕಾಗಿದ್ದ ದಾರಿ ಮುಚ್ಚದೆ ಉಳಿದು, ಧ್ವನಿಪೆಟ್ಟಿಗೆಯ ಪಕ್ಕದ ಪೈರಿಫಾರ್ಮ್ ಸೈನಸ್ ಎಂಬ ಗುಳಿಯಿಂದ ಥೈರಾಯ್ಡ್‌ವರೆಗೆ ಇಳಿಯುತ್ತದೆ. ಹತ್ತರಲ್ಲಿ ಒಂಬತ್ತರಷ್ಟು ಪ್ರಕರಣಗಳಲ್ಲಿ ಅದು ಎಡಬದಿಗೇ ಇರುತ್ತದೆ. ನೆಗಡಿ, ಗಂಟಲು ನೋವು ಬಂದಾಗ ಬಾಯಿಯ ಬ್ಯಾಕ್ಟೀರಿಯಾ ಆ ದಾರಿಯಲ್ಲಿ ಗ್ರಂಥಿಗೆ ಇಳಿಯುತ್ತವೆ. ಈ ಒಳದಾರಿಯೇ ಸೋಂಕಿನ ಮೂಲ ಎಂಬುದನ್ನು 1979ರಲ್ಲಿ ಜಪಾನಿನ ವೈದ್ಯರು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಸ್ಪಷ್ಟವಾಗಿ ಬರೆದರು.

ದೊಡ್ಡವರಲ್ಲಿ ಕಥೆ ಬೇರೆ. ಮೊದಲೇ ಗಳಗಂಡ, ಗಂಟು ಅಥವಾ ಕ್ಯಾನ್ಸರ್ ಇರುವ ಗ್ರಂಥಿ, ಹತೋಟಿ ತಪ್ಪಿದ ಸಕ್ಕರೆ ಕಾಯಿಲೆ, ಎಚ್‌ಐವಿ, ಕೀಮೋಥೆರಪಿ, ವರ್ಷಗಟ್ಟಲೆ ನುಂಗಿದ ಸ್ಟೆರಾಯ್ಡ್ ಇವು ಸಾಮಾನ್ಯ ಹಿನ್ನೆಲೆ. ಹಲ್ಲಿನ ಬೇರಿನ ಸೋಂಕು, ಬೇರೆ ಅಂಗದ ಸೋಂಕು ರಕ್ತದ ಮೂಲಕ ಹರಡುವುದು, ಅತಿ ವಿರಳವಾಗಿ ಗಂಟಿಗೆ ಸೂಜಿ ಹಾಕಿದ ಪರೀಕ್ಷೆಯ ನಂತರ ತಗುಲುವ ಸೋಂಕು ಕೂಡ ಕಾರಣವಾಗಬಹುದು. ಭೀಮಾ, ಕೃಷ್ಣಾ ದಂಡೆಯ ಊರುಗಳಿಂದ ಬಂದವರನ್ನು ನಾನು ಮೀನಿನ ಮುಳ್ಳಿನ ಬಗ್ಗೆಯೂ ಕೇಳುತ್ತೇನೆ. ನುಂಗಿದ ಮುಳ್ಳು ಅನ್ನನಾಳವನ್ನು ತೂರಿ ಥೈರಾಯ್ಡ್‌ಗೆ ಚುಚ್ಚಿಕೊಂಡು ಕೀವು ಮಾಡಿದ ಪ್ರಕರಣಗಳು ವೈದ್ಯಕೀಯ ಸಾಹಿತ್ಯದಲ್ಲಿವೆ. ಊಟದಲ್ಲಿ ಮುಳ್ಳು ಸಿಕ್ಕಿಕೊಂಡು ಆಮೇಲೆ ‘ಹೋಯಿತು’ ಅನ್ನಿಸಿದ್ದರೂ ವೈದ್ಯರಿಗೆ ಹೇಳಿ.

ಹೆಜ್ಜೆ 1: ಈಗಲೇ ಹೊರಡಬೇಕೇ ಎಂದು ತೀರ್ಮಾನಿಸಿ

ಈ ಕೆಳಗಿನ ಯಾವುದೇ ಒಂದು ಲಕ್ಷಣ ಇದ್ದರೂ ಬೆಳಗಾಗಲಿ ಎಂದು ಕಾಯಬೇಡಿ, 108ಕ್ಕೆ ಕರೆ ಮಾಡಿ:

ಉಸಿರು ಎಳೆಯುವಾಗ ಸೀಟಿಯಂಥ ಸದ್ದು, ಮಲಗಿದರೆ ಉಸಿರು ಕಟ್ಟುವುದು, ಮುಂದಕ್ಕೆ ಬಾಗಿಯೇ ಕೂರುವುದು;
ಉಗುಳನ್ನೂ ನುಂಗಲಾಗದೆ ಜೊಲ್ಲು ಸುರಿಯುವುದು, ಬಾಯಿ ತೆರೆಯಲು ಆಗದಿರುವುದು;
ಧ್ವನಿ ಇದ್ದಕ್ಕಿದ್ದಂತೆ ಒಡೆದು ಹೋಗುವುದು;
ಮಂಪರು, ಅಸಂಬದ್ಧ ಮಾತು, ಕೈಕಾಲು ತಣ್ಣಗಾಗುವುದು, ಮೂತ್ರ ಕಡಿಮೆಯಾಗುವುದು;
ಬಾವಿನ ಜೊತೆ ಎದೆನೋವು.

ಇವು ಇಲ್ಲದಿದ್ದರೂ ಜ್ವರ ಮತ್ತು ಕುತ್ತಿಗೆ ಮುಂಭಾಗದ ನೋವಿನ ಬಾವು ಎರಡೂ ಇದ್ದರೆ ಅದೇ ದಿನ ವೈದ್ಯರಿಗೆ ತೋರಿಸಬೇಕು. ರೋಗಿಯ ನಡವಳಿಕೆಯೇ ಬಹಳಷ್ಟು ಹೇಳುತ್ತದೆ. ಕೀವು ತುಂಬಿದ ಥೈರಾಯ್ಡ್ ಇರುವವರು ಗದ್ದವನ್ನು ಎದೆಯ ಕಡೆ ಬಗ್ಗಿಸಿಕೊಂಡೇ ಇರುತ್ತಾರೆ, ಕುತ್ತಿಗೆ ಮೇಲೆತ್ತಿದರೆ ಚರ್ಮ ಮತ್ತು ಸ್ನಾಯು ಬಿಗಿದು ನೋವು ಏರುತ್ತದೆ. ನೋವು ಅದೇ ಬದಿಯ ಕಿವಿಗೂ ದವಡೆಗೂ ಹರಿಯುತ್ತದೆ. ಮನೆಯವರು ‘ಕಿವಿ ನೋವು’ ಎಂದು ಕರೆತಂದು, ಕಿವಿ ನೋಡಿದರೆ ಅಲ್ಲಿ ಏನೂ ಇಲ್ಲದಿರುವುದುಂಟು. ಜೋಳದ ರೊಟ್ಟಿ ಬಿಡಿ, ಅಂಬಲಿ ಇಳಿಯುವುದೂ ಕಷ್ಟವಾಗುತ್ತದೆ. ಬಾವಿನ ಮೇಲಿನ ಚರ್ಮ ಕೆಂಪಾಗಿ ಬಿಸಿಯಾಗಿರಬಹುದು. ಶ್ಯಾಮಲ ವರ್ಣದವರಲ್ಲಿ ಕೆಂಪು ಕಾಣದೆ ಮಿರುಗುವ ಕಪ್ಪು ಛಾಯೆಯಷ್ಟೇ ಕಾಣಬಹುದು, ಆದ್ದರಿಂದ ಬಣ್ಣಕ್ಕಿಂತ ಬಿಸಿಯನ್ನು ನಂಬಿ. ಅಂಗೈಯ ಹಿಂಬದಿಯನ್ನು ಒಮ್ಮೆ ಬಾವಿನ ಮೇಲೆ, ಒಮ್ಮೆ ಇನ್ನೊಂದು ಬದಿಯ ಕುತ್ತಿಗೆಯ ಮೇಲೆ ಇಟ್ಟು ನೋಡಿದರೆ ಗೊತ್ತಾಗುತ್ತದೆ.

ಇದಕ್ಕೆ ಹೊಂದಿಕೊಂಡೇ ಇನ್ನೊಂದು ಎಚ್ಚರಿಕೆ ಹೇಳಲೇಬೇಕು. ಥೈರಾಯ್ಡ್ ಅತಿಯಾಗಿ ಕೆಲಸ ಮಾಡುತ್ತಿದೆ ಎಂದು ಕಾರ್ಬಿಮಜೋಲ್ ಮಾತ್ರೆ ತೆಗೆದುಕೊಳ್ಳುತ್ತಿರುವವರಿಗೆ ಜ್ವರ, ಗಂಟಲು ನೋವು ಬಂದರೆ ಅದು ಬಿಳಿ ರಕ್ತಕಣ ತೀರಾ ಕುಸಿದಿರುವ ಸೂಚನೆಯಾಗಿರಬಹುದು. ಅಂಥವರು ಮಾತ್ರೆ ನಿಲ್ಲಿಸಿ, ಅದೇ ದಿನ ರಕ್ತಕಣಗಳ ಎಣಿಕೆ ಮಾಡಿಸಿ, ವೈದ್ಯರನ್ನು ಕಾಣಬೇಕು.

ಹೆಜ್ಜೆ 2: ಮನೆಯಲ್ಲಿ ಏನು ಮಾಡಬಾರದು

ಬಾವಿಗೆ ಬರೆ ಹಾಕಿಸಬೇಡಿ. ಕಲಬುರಗಿ, ಬೀದರ್, ಯಾದಗಿರಿ ಈ ನಮ್ಮ ಮೂರು ಜಿಲ್ಲೆಗಳಲ್ಲಿ ಇದು ಇನ್ನೂ ನಿಂತಿಲ್ಲ. ಮಗುವಿನ ಕುತ್ತಿಗೆಯ ಮೇಲೆ ಸುಟ್ಟ ಗುರುತು ಕಂಡಾಗ ನನಗೆ ಮಾತೇ ಹೊರಡುವುದಿಲ್ಲ. ಸುಟ್ಟ ಗಾಯ ಮತ್ತೊಂದು ಸೋಂಕಿಗೆ ದಾರಿ ಮಾಡುತ್ತದೆ, ಚರ್ಮದ ಕೆಳಗೆ ಕೀವು ಎಷ್ಟಿದೆ ಎಂದು ಅಂದಾಜು ಮಾಡುವುದನ್ನೂ ಕೆಡಿಸುತ್ತದೆ. ಸುಣ್ಣ, ಅರಿಶಿನ, ಬೇರಿನ ಲೇಪಗಳು ಒಳಗಿನ ಕೀವಿಗೆ ತಲುಪುವುದೇ ಇಲ್ಲ. ಉಜ್ಜುವುದು, ಹಿಸುಕುವುದು, ಪಿನ್ನು ಚುಚ್ಚುವುದು ಬೇಡವೇ ಬೇಡ.

ಅಂಗಡಿಯಲ್ಲಿ ಹೇಳಿ ಕೇಳಿ ತಂದ ಎರಡು ದಿನದ ಆ್ಯಂಟಿಬಯಾಟಿಕ್ ಕೂಡ ಕೆಡುಕನ್ನೇ ಮಾಡುತ್ತದೆ. ಅರೆಬರೆ ಮದ್ದಿನಿಂದ ಜ್ವರ ತಗ್ಗುತ್ತದೆ, ಕೀವು ಉಳಿಯುತ್ತದೆ, ಮುಂದೆ ಕೀವನ್ನು ಕಲ್ಚರ್‌ಗೆ (ರೋಗಾಣುವನ್ನು ಬೆಳೆಸಿ ಗುರುತಿಸುವ ಪರೀಕ್ಷೆಗೆ) ಕಳಿಸಿದರೆ ಏನೂ ಬೆಳೆಯುವುದಿಲ್ಲ. ಆಗ ಯಾವ ಔಷಧ ಸರಿ ಎಂದು ಹೇಳುವ ಒಂದೇ ಸಾಕ್ಷಿ ಕೈ ತಪ್ಪಿದಂತೆ. ಊರಿನ ಆರ್‌ಎಂಪಿ ಹತ್ತಿರ ಸೂಜಿ ಮಾಡಿಸಿಕೊಂಡಿದ್ದರೆ ಅದರಲ್ಲಿ ಏನಿತ್ತು ಎಂದು ಕೇಳಿ ಬರೆಸಿಕೊಳ್ಳಿ. ಡೆಕ್ಸಾಮೆಥಾಸೋನ್, ಬೆಟಾಮೆಥಾಸೋನ್, ಪ್ರೆಡ್ನಿಸೋಲೋನ್ ಇವೆಲ್ಲ ಸ್ಟೆರಾಯ್ಡ್‌ಗಳು. ಜ್ವರಕ್ಕೆ ಪ್ಯಾರಾಸಿಟಮಾಲ್ ಕೊಡಬಹುದು, ನುಂಗಲು ಆಗುತ್ತಿದ್ದರೆ ಮಾತ್ರ.

ಹೆಜ್ಜೆ 3: ಸರಿಯಾದ ಆಸ್ಪತ್ರೆಗೆ, ಸರಿಯಾದ ಕಾಗದಗಳೊಂದಿಗೆ

ಈ ಕಾಯಿಲೆಗೆ ಗಂಟಲಿನ ಶಸ್ತ್ರತಜ್ಞರು, ಅರಿವಳಿಕೆ ತಜ್ಞರು, ಸ್ಕ್ಯಾನ್, ಪ್ರಯೋಗಾಲಯ, ತೀವ್ರ ನಿಗಾ ಘಟಕ ಒಂದೇ ಸೂರಿನಡಿ ಬೇಕು. ಹಾಗಾಗಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯೇ ಸೂಕ್ತ. ಕಲಬುರಗಿಯಲ್ಲಿ ಜಿಮ್ಸ್, ಸೇಡಂ ರಸ್ತೆಯ ಇಎಸ್‌ಐಸಿ, ಬಸವೇಶ್ವರ ಬೋಧನಾ ಆಸ್ಪತ್ರೆ, ಖಾಜಾ ಬಂದಾ ನವಾಜ್ ಆಸ್ಪತ್ರೆ ಇವೆ. ಬೀದರ್‌ನಲ್ಲಿ ಬ್ರಿಮ್ಸ್, ಯಾದಗಿರಿಯಲ್ಲಿ ಯಿಮ್ಸ್. ನಮ್ಮ ಕಡೆಯ ಕುಟುಂಬಗಳು ಗಂಭೀರ ಎನಿಸಿದ ಕೂಡಲೇ ಹೈದರಾಬಾದ್ ಅಥವಾ ಸೊಲ್ಲಾಪುರದ ಗಾಡಿ ಹಿಡಿಯುತ್ತಾರೆ. ಉಸಿರಿಗೆ ತೊಂದರೆ ಇರುವ ರೋಗಿಯನ್ನು ಅಷ್ಟು ದೂರ ಕೊಂಡೊಯ್ಯುವ ಮೊದಲು ಹತ್ತಿರದ ಆಸ್ಪತ್ರೆಯಲ್ಲಿ ಉಸಿರಿನ ದಾರಿ ಭದ್ರವಾಗಿದೆಯೇ ಎಂದು ನೋಡಿಸಿ, ಮೊದಲ ಡೋಸ್ ಔಷಧ ಕೊಡಿಸಿ ಹೊರಡುವುದು ಜೀವ ಉಳಿಸುವ ಮಾತು. ಔರಾದ್ ಅಥವಾ ಚಿಂಚೋಳಿಯ ತಾಲ್ಲೂಕು ಆಸ್ಪತ್ರೆಯಲ್ಲೇ ರಕ್ತನಾಳಕ್ಕೆ ಔಷಧ ಆರಂಭಿಸಿ ಮುಂದೆ ಕಳಿಸಬಹುದು.

ರೋಗಿಯನ್ನು ಕೂರಿಸಿಯೇ ಕರೆದೊಯ್ಯಿರಿ, ಮಲಗಿಸಬೇಡಿ. ಹೊರಡುವಾಗ ಬಾಯಿಗೆ ಏನೂ ಹಾಕದಿರುವುದು ಒಳ್ಳೆಯದು, ತುರ್ತು ಅರಿವಳಿಕೆ ಬೇಕಾಗಬಹುದು. ಸಕ್ಕರೆ ಕಾಯಿಲೆಯವರಾದರೆ ಇದನ್ನು 108ರವರಿಗೂ ವೈದ್ಯರಿಗೂ ಮೊದಲೇ ತಿಳಿಸಿ. ಹಳೆಯ ಚೀಟಿಗಳು, ಈಗ ನುಂಗುತ್ತಿರುವ ಮಾತ್ರೆಗಳ ಪಟ್ಟಿ, ಆಧಾರ್, ಪಡಿತರ ಚೀಟಿ ಇಟ್ಟುಕೊಳ್ಳಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯಿದೆ; ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇಕಡಾ 30ರಷ್ಟು, ವರ್ಷಕ್ಕೆ ಒಂದೂವರೆ ಲಕ್ಷದವರೆಗೆ. ಜೀವಕ್ಕೆ ಅಪಾಯವಿರುವಾಗ ಶಿಫಾರಸು ಪತ್ರಕ್ಕಾಗಿ ಓಡಾಡುತ್ತಾ ಕೂರಬೇಡಿ, ಮೊದಲು ದಾಖಲಾಗಿ.

ಹೆಜ್ಜೆ 4: ಇದು ಕೀವೋ, ಬೇರೆ ಬಾವೋ

ವೈದ್ಯರ ಮುಂದಿರುವ ಅತಿ ಮುಖ್ಯ ಪ್ರಶ್ನೆ ಇದು. ಕೀವಿನ ಸೋಂಕನ್ನು ಹೆಚ್ಚಾಗಿ ಹೋಲುವುದು ಡಿ ಕರ್ವೇನ್ ಥೈರಾಯ್ಡೈಟಿಸ್. ಸಾಮಾನ್ಯವಾಗಿ ವೈರಸ್ ಜ್ವರದ ನಂತರ ಬರುವ ಆ ಉರಿಯೂತದಲ್ಲೂ ಜ್ವರ, ಕುತ್ತಿಗೆ ನೋವು, ಕಿವಿಗೆ ಹರಿಯುವ ನೋವು ಇರುತ್ತವೆ, ಉರಿಯೂತವನ್ನು ತೋರಿಸುವ ಇಎಸ್‌ಆರ್ ಎಂಬ ರಕ್ತ ಪರೀಕ್ಷೆಯ ಅಂಕಿ ಎರಡರಲ್ಲೂ ಏರುತ್ತದೆ. ಅದು ಮಧ್ಯವಯಸ್ಸಿನ ಹೆಂಗಸರಲ್ಲಿ ಹೆಚ್ಚು, ನೋವು ಒಂದು ಬದಿಯಿಂದ ಇನ್ನೊಂದಕ್ಕೆ ಸರಿಯುತ್ತದೆ, ಚರ್ಮ ಕೆಂಪಾಗುವುದಿಲ್ಲ, ಟಿಎಸ್‌ಎಚ್ (ಥೈರಾಯ್ಡ್ ಅನ್ನು ಪ್ರಚೋದಿಸುವ ಹಾರ್ಮೋನು) ಕಡಿಮೆಯಾಗಿ ಥೈರಾಯ್ಡ್ ಹಾರ್ಮೋನು ಹೆಚ್ಚಿರುತ್ತದೆ. ಕೀವಿನ ಸೋಂಕಿನಲ್ಲಿ ಹಾರ್ಮೋನುಗಳು ಬಹುಪಾಲು ಸರಿಯಾಗಿಯೇ ಇರುತ್ತವೆ, ಬಿಳಿ ರಕ್ತಕಣಗಳಲ್ಲಿ ನ್ಯೂಟ್ರೋಫಿಲ್‌ಗಳು ಏರಿರುತ್ತವೆ, ಬಾವು ಒಂದೇ ಬದಿಗೆ ನಿಲ್ಲುತ್ತದೆ. ಆದರೆ ಗ್ರಂಥಿ ಹಾನಿಗೊಂಡು ಹಾರ್ಮೋನು ಸೋರಿದರೆ ಕೀವಿನಲ್ಲೂ ಟಿಎಸ್‌ಎಚ್ ಇಳಿಯಬಹುದು. ಆದ್ದರಿಂದ ಬರೀ ರಕ್ತ ಪರೀಕ್ಷೆ ನೋಡಿ ತೀರ್ಮಾನಿಸಬಾರದು.

ಡಿ ಕರ್ವೇನ್ ಕಾಯಿಲೆಗೆ ಪ್ರೆಡ್ನಿಸೋಲೋನ್ ಕೊಟ್ಟರೆ ಒಂದೆರಡು ದಿನದಲ್ಲಿ ನೋವು ಮಾಯವಾಗುತ್ತದೆ. ಅದೇ ಮಾತ್ರೆಯನ್ನು ಕೀವಿರುವವರಿಗೆ ಕೊಟ್ಟರೆ ಮೊದಲು ಹಾಯೆನಿಸಿ, ಆಮೇಲೆ ಸೋಂಕು ಕೈಮೀರಿ ಹರಡುತ್ತದೆ. ನಾನು ಒತ್ತಿ ಹೇಳುವುದಿಷ್ಟು: ಅಲ್ಟ್ರಾಸೌಂಡ್ ಮಾಡಿಸದೆ ನೋವಿನ ಥೈರಾಯ್ಡ್‌ಗೆ ಸ್ಟೆರಾಯ್ಡ್ ಕೊಡಬಾರದು. ಮಕ್ಕಳಲ್ಲಂತೂ ಡಿ ಕರ್ವೇನ್ ಬಲು ವಿರಳ. ಎಡಬದಿಯ ಥೈರಾಯ್ಡ್ ಊದಿ ಜ್ವರ ಬಂದ ಮಗುವಿಗೆ ಬೇರೆ ಏನೆಂದು ಸಾಬೀತಾಗುವವರೆಗೂ ಅದು ಕೀವಿನ ಸೋಂಕೇ.

ಉಳಿದವುಗಳನ್ನು ಬೇಗ ಬೇರ್ಪಡಿಸಬಹುದು. ಮಂಗನಬಾವು ಕಿವಿಯ ಕೆಳಗೆ, ದವಡೆಯ ಮೇಲೆ ಊದುತ್ತದೆ. ಹಲ್ಲಿನಿಂದ ಬರುವ ಬಾವು ಗದ್ದದ ಕೆಳಗೆ ಕಲ್ಲಿನಂತೆ ಗಟ್ಟಿಯಾಗುತ್ತದೆ. ನಡುಗೆರೆಯಲ್ಲಿದ್ದು ನಾಲಿಗೆ ಚಾಚಿದಾಗ ಮೇಲೇರುವ ಗಂಟು ಥೈರೋಗ್ಲಾಸಲ್ ಚೀಲ. ಗಂಡಮಾಲೆ ಎಂದು ಹಿರಿಯರು ಕರೆಯುವ ಕ್ಷಯದ ಗಂಟುಗಳು ಕುತ್ತಿಗೆಯ ಪಕ್ಕದಲ್ಲಿ ಒಂದಕ್ಕೊಂದು ಅಂಟಿಕೊಂಡು ನಿಧಾನವಾಗಿ ಬೆಳೆಯುತ್ತವೆ. ಹಳೆಯ ಗಂಟಿನೊಳಗೆ ರಕ್ತ ಸ್ರವಿಸಿದರೆ ನೋವು ಒಂದೇ ಗಳಿಗೆಯಲ್ಲಿ ಶುರುವಾಗುತ್ತದೆ, ಜ್ವರ ಇರುವುದಿಲ್ಲ. ವಯಸ್ಸಾದವರಲ್ಲಿ ವಾರಗಳಲ್ಲೇ ಬೆಳೆದು ಗಟ್ಟಿಯಾದ ಬಾವು ಅನಾಪ್ಲಾಸ್ಟಿಕ್ ಕ್ಯಾನ್ಸರ್ ಆಗಿರಬಹುದು. ಅದರಲ್ಲೂ ಜ್ವರ, ಕೆಂಪು ಕಾಣಿಸಿಕೊಂಡು ದಾರಿ ತಪ್ಪಿಸಬಲ್ಲವು. ಹಾಗಾಗಿ ದೊಡ್ಡವರಲ್ಲಿ ತೆಗೆದ ಕೀವಿನ ಒಂದು ಪಾಲು ಜೀವಕೋಶ ಪರೀಕ್ಷೆಗೂ ಹೋಗಬೇಕು.

ಹೆಜ್ಜೆ 5: ಪರೀಕ್ಷೆಗಳು, ಈ ಅನುಕ್ರಮದಲ್ಲಿ

ಮೊದಲು ರಕ್ತ. ಆ್ಯಂಟಿಬಯಾಟಿಕ್ ಆರಂಭಿಸುವ ಮುನ್ನವೇ ಎರಡು ಬೇರೆ ಬೇರೆ ಜಾಗದಿಂದ ರಕ್ತದ ಕಲ್ಚರ್ ತೆಗೆಯಬೇಕು. ರೋಗಿಯ ಸ್ಥಿತಿ ತೀರಾ ಕೆಟ್ಟಿದ್ದರೆ ಇದಕ್ಕಾಗಿ ಔಷಧವನ್ನು ತಡಮಾಡಬಾರದು. ಜೊತೆಗೆ ರಕ್ತಕಣ ಎಣಿಕೆ, ಉರಿಯೂತಕ್ಕೆ ಸಿಆರ್‌ಪಿ, ಥೈರಾಯ್ಡ್‌ಗೆ ಟಿಎಸ್‌ಎಚ್ ಮತ್ತು ಎಫ್‌ಟಿ4, ಸಕ್ಕರೆ ಮತ್ತು ಅದರ ಮೂರು ತಿಂಗಳ ಸರಾಸರಿ ತಿಳಿಸುವ ಎಚ್‌ಬಿಎ1ಸಿ, ಮೂತ್ರಪಿಂಡಕ್ಕೆ ಕ್ರಿಯಾಟಿನಿನ್, ಎಚ್‌ಐವಿ. ‘ನನಗೆ ಸಕ್ಕರೆ ಇಲ್ಲ’ ಎಂದುಕೊಂಡಿದ್ದವರಿಗೆ ಇಂಥ ಸೋಂಕಿನ ದಿನವೇ ಸಕ್ಕರೆ ಕಾಯಿಲೆ ಗೊತ್ತಾಗುವುದು ಅಪರೂಪವಲ್ಲ.

ನಂತರ ಅಲ್ಟ್ರಾಸೌಂಡ್. ಕೀವಿನ ಭಾಗ ಪರದೆಯ ಮೇಲೆ ಕಪ್ಪಾಗಿ, ಅಂಚು ಅಸ್ಪಷ್ಟವಾಗಿ, ಒಳಗೆ ಸಣ್ಣ ಚೂರುಗಳು ತೇಲುವಂತೆ ಕಾಣುತ್ತದೆ. ಗ್ರಂಥಿ ಮತ್ತು ಅದರ ಮುಂದಿನ ಸ್ನಾಯುವಿನ ನಡುವಿನ ಗೆರೆ ಅಳಿಸಿಹೋಗಿರುತ್ತದೆ. ಒಂದೆರಡು ದಿನದ ಸೋಂಕಿನಲ್ಲಿ ಕೀವು ಇನ್ನೂ ಕೂಡಿರುವುದಿಲ್ಲ. ಮೊದಲ ಸ್ಕ್ಯಾನ್ ‘ಕೀವಿಲ್ಲ’ ಎಂದರೂ ಲಕ್ಷಣ ಇಳಿಯದಿದ್ದರೆ ಮತ್ತೆ ಮಾಡಬೇಕು. ಬಾವು ದೊಡ್ಡದಿದ್ದರೆ, ಎದೆಗೆ ಇಳಿದಿರುವ ಅನುಮಾನವಿದ್ದರೆ, ಉಸಿರಿನ ದಾರಿ ಪಕ್ಕಕ್ಕೆ ತಳ್ಳಲ್ಪಟ್ಟಿದ್ದರೆ ಕಾಂಟ್ರಾಸ್ಟ್ ಸಿಟಿ ಸ್ಕ್ಯಾನ್ (ರಕ್ತನಾಳಕ್ಕೆ ಬಣ್ಣದ ಔಷಧ ಕೊಟ್ಟು ತೆಗೆಯುವ ಸ್ಕ್ಯಾನ್) ಬೇಕು. ಕುತ್ತಿಗೆಯ ದೊಡ್ಡ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿದೆಯೇ, ಗ್ರಂಥಿಯಲ್ಲಿ ಗಾಳಿಯ ಗುಳ್ಳೆಗಳಿವೆಯೇ ಎಂಬುದೂ ಅದರಲ್ಲೇ ತಿಳಿಯುತ್ತದೆ. ಗಾಳಿ ಕಂಡರೆ ಗಂಟಲಿಗೂ ಗ್ರಂಥಿಗೂ ನಡುವೆ ದಾರಿ ಇರುವ ಸಂದೇಹ ಬಲವಾಗುತ್ತದೆ.

ಮೂರನೆಯದು ಸೂಜಿ. ಎಲ್ಲವೂ ಇದರ ಮೇಲೆ ನಿಂತಿದೆ, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಅಲ್ಟ್ರಾಸೌಂಡ್ ನೋಡುತ್ತಾ ಚರ್ಮವನ್ನು ಶುಚಿಗೊಳಿಸಿ ಸೂಜಿ ಒಳಬಿಟ್ಟಾಗ ಮೊದಲು ಗ್ರಂಥಿಯ ಗಟ್ಟಿತನ ಕೈಗೆ ಸಿಗುತ್ತದೆ, ಕೀವಿನ ಜಾಗ ಮುಟ್ಟಿದ ಕೂಡಲೇ ಆ ಪ್ರತಿರೋಧ ಇಲ್ಲವಾಗುತ್ತದೆ. ಸಿರಿಂಜ್ ಎಳೆದರೆ ಹಳದಿ, ಕೆಲವೊಮ್ಮೆ ರಕ್ತ ಬೆರೆತ ಕಂದು ಕೀವು ಬರುತ್ತದೆ. ಕೊಳೆತ ವಾಸನೆ ಇದ್ದರೆ ಆಮ್ಲಜನಕವಿಲ್ಲದೆ ಬದುಕುವ ಬಾಯಿಯ ಬ್ಯಾಕ್ಟೀರಿಯಾಗಳನ್ನು ಸಂಶಯಿಸಬೇಕು. ಅವು ಗಾಳಿ ತಾಗಿದರೆ ಸಾಯುತ್ತವೆ. ಹಾಗಾಗಿ ಸಿರಿಂಜಿನ ಗಾಳಿಯನ್ನು ಹೊರದೂಡಿ, ಸೂಜಿ ತೆಗೆದು, ಬಿರಡೆ ಹಾಕಿ, ಸಿರಿಂಜನ್ನೇ ನೇರವಾಗಿ ಪ್ರಯೋಗಾಲಯಕ್ಕೆ ಒಯ್ಯಬೇಕು. ಫ್ರಿಜ್ಜಿನಲ್ಲಿ ಇಡಬಾರದು. ಹತ್ತಿ ಕಡ್ಡಿಯಲ್ಲಿ ಒರೆಸಿ ಕಳಿಸಿದರೆ ಅರ್ಧ ಸಾಕ್ಷಿ ದಾರಿಯಲ್ಲೇ ಹೋಗುತ್ತದೆ. ಮಾದರಿ ಕೆಡದಂತೆ ಬಳಸುವ ಫಾರ್ಮಲಿನ್ ದ್ರವಕ್ಕೆ ಹಾಕಿದ ಮಾದರಿಯಿಂದಂತೂ ಯಾವ ರೋಗಾಣುವೂ ಬೆಳೆಯದು.

ಆ ಕೀವಿನಲ್ಲಿ ಮಾಡಿಸಬೇಕಾದ್ದು: ಬ್ಯಾಕ್ಟೀರಿಯಾಗಳಿಗೆ ಬಣ್ಣ ಹಚ್ಚಿ ಸೂಕ್ಷ್ಮದರ್ಶಕದಲ್ಲಿ ನೋಡುವ ಗ್ರಾಮ್ ಪರೀಕ್ಷೆ, ಗಾಳಿ ಇರುವ ಮತ್ತು ಇಲ್ಲದ ಎರಡೂ ಬಗೆಯ ಕಲ್ಚರ್, ಕ್ಷಯಕ್ಕಾಗಿ ಸಿಬಿನ್ಯಾಟ್ ಅಥವಾ ಟ್ರೂನ್ಯಾಟ್, ರೋಗನಿರೋಧಕ ಶಕ್ತಿ ಕುಂದಿದವರಲ್ಲಿ ಶಿಲೀಂಧ್ರ ಪರೀಕ್ಷೆ. ರೋಗಿಯ ಮನೆಯವರು ‘ಕೀವನ್ನು ಕಲ್ಚರ್‌ಗೆ ಕಳಿಸಿದಿರಾ ಸರ್? ಟಿಬಿ ಪರೀಕ್ಷೆಗೂ ಕಳಿಸಿದಿರಾ?’ ಎಂದು ಕೇಳುವುದರಲ್ಲಿ ಅಗೌರವವೇನೂ ಇಲ್ಲ. ದಟ್ಟಣೆಯ ವಾರ್ಡಿನಲ್ಲಿ ಆ ಒಂದು ಪ್ರಶ್ನೆಯಿಂದ ಮಾದರಿ ಸರಿಯಾದ ಜಾಗಕ್ಕೆ ತಲುಪಬಹುದು.

ಹೆಜ್ಜೆ 6: ಚಿಕಿತ್ಸೆ

ದಾಖಲಾತಿ ಕಡ್ಡಾಯ. ಮಾತ್ರೆ ಬರೆಸಿಕೊಂಡು ಮನೆಗೆ ಹೋಗುವ ಕಾಯಿಲೆ ಇದಲ್ಲ. ಉಸಿರಿನ ದಾರಿಯ ಮೇಲೆ ಕಣ್ಣಿಟ್ಟು, ರಕ್ತನಾಳದ ಮೂಲಕ ಆ್ಯಂಟಿಬಯಾಟಿಕ್ ಶುರು ಮಾಡುತ್ತಾರೆ. ವರದಿ ಬರುವ ಮೊದಲು ಸ್ಟೆಫಿಲೋಕಾಕಸ್, ಸ್ಟ್ರೆಪ್ಟೋಕಾಕಸ್ ಮತ್ತು ಬಾಯಿಯ ಬ್ಯಾಕ್ಟೀರಿಯಾ ಮೂರನ್ನೂ ಹಿಡಿಯುವ ಔಷಧ ಬೇಕು. ಅಮಾಕ್ಸಿಸಿಲಿನ್-ಕ್ಲಾವ್ಯುಲನೇಟ್, ಅಥವಾ ಸೆಫ್ಟ್ರಿಯಾಕ್ಸೋನ್ ಜೊತೆ ಕ್ಲಿಂಡಮೈಸಿನ್ ಇಲ್ಲವೇ ಮೆಟ್ರೋನಿಡಜೋಲ್ ಸಾಮಾನ್ಯ ಆಯ್ಕೆಗಳು. ಸಕ್ಕರೆ ಕಾಯಿಲೆಯವರಲ್ಲಿ, ರೋಗನಿರೋಧಕ ಶಕ್ತಿ ಕುಗ್ಗಿದವರಲ್ಲಿ ಕ್ಲೆಬ್ಸಿಯೆಲ್ಲಾದಂಥ ಬ್ಯಾಕ್ಟೀರಿಯಾ ಇರಬಹುದಾದ್ದರಿಂದ ಪೈಪರಾಸಿಲಿನ್-ಟಾಜೋಬ್ಯಾಕ್ಟಮ್ ಅಥವಾ ಮೆರೋಪೆನೆಮ್ ಮಟ್ಟದ ಔಷಧ, ಎಂಆರ್‌ಎಸ್‌ಎ (ಸಾಮಾನ್ಯ ಔಷಧಗಳಿಗೆ ಬಗ್ಗದ ಸ್ಟೆಫಿಲೋಕಾಕಸ್) ಸಂಶಯವಿದ್ದರೆ ವ್ಯಾಂಕೋಮೈಸಿನ್. ಪ್ರಮಾಣವನ್ನು ತೂಕ, ವಯಸ್ಸು, ಮೂತ್ರಪಿಂಡದ ಸ್ಥಿತಿ ನೋಡಿ ವೈದ್ಯರೇ ಗೊತ್ತುಮಾಡುತ್ತಾರೆ. ಕಲ್ಚರ್ ವರದಿ ಬಂದ ದಿನ ಔಷಧವನ್ನು ಅದಕ್ಕೆ ತಕ್ಕಂತೆ ಬದಲಿಸಬೇಕು. ಒಟ್ಟು ಅವಧಿ ಸಾಮಾನ್ಯವಾಗಿ ಎರಡು ವಾರದ ಆಸುಪಾಸು, ಕೀವು ಪೂರ್ತಿ ಹೋಗದಿದ್ದರೆ ಇನ್ನೂ ಹೆಚ್ಚು.

ಕೀವು ಕೂಡಿದ್ದರೆ ಔಷಧವೊಂದೇ ಸಾಲದು, ಹೊರತೆಗೆಯಲೇಬೇಕು. ಸಣ್ಣದಾದರೆ ಅಲ್ಟ್ರಾಸೌಂಡ್ ನೋಡುತ್ತಾ ಸೂಜಿಯಿಂದ ಒಂದೆರಡು ಬಾರಿ ಎಳೆದು ತೆಗೆಯಬಹುದು, ಅಥವಾ ಸಪೂರ ಕೊಳವೆ ಇಟ್ಟು ಬಸಿಯಲು ಬಿಡಬಹುದು. ದೊಡ್ಡದಾಗಿದ್ದರೆ, ಹಲವು ಕೋಣೆಗಳಾಗಿ ಒಡೆದಿದ್ದರೆ, ಉಸಿರಿಗೆ ಒತ್ತುತ್ತಿದ್ದರೆ, ಅಥವಾ ಎರಡು ಮೂರು ದಿನದ ಔಷಧಕ್ಕೂ ಜ್ವರ ಇಳಿಯದಿದ್ದರೆ ಶಸ್ತ್ರಚಿಕಿತ್ಸೆಯಲ್ಲಿ ತೆರೆದು ತೆಗೆಯಬೇಕು. ಮಕ್ಕಳಲ್ಲಿ ಸಾಧ್ಯವಿರುವಷ್ಟು ಸೂಜಿಯಿಂದಲೇ ಮುಗಿಸುವುದು ನನ್ನ ಒಲವು. ಚರ್ಮ ಕೊಯ್ದ ಜಾಗದ ಗಾಯದ ಗಂಟು ಮುಂದಿನ ನಾಳದ ಶಸ್ತ್ರಚಿಕಿತ್ಸೆಯನ್ನು ಕಠಿಣ ಮಾಡುತ್ತದೆ.

ಹಾರ್ಮೋನು ಸೋರಿ ಎದೆಬಡಿತ, ನಡುಕ ಇದ್ದರೆ ಪ್ರೊಪ್ರನೊಲಾಲ್‌ನಂಥ ಔಷಧ ಸಾಕು. ಗ್ರಂಥಿ ಹೊಸದಾಗಿ ಹಾರ್ಮೋನು ತಯಾರಿಸುತ್ತಿಲ್ಲ, ಇದ್ದದ್ದು ಸೋರುತ್ತಿದೆ. ಕಾರ್ಬಿಮಜೋಲ್ ಇಲ್ಲಿ ಪ್ರಯೋಜನಕ್ಕಿಲ್ಲ. ಸಕ್ಕರೆ ಹೆಚ್ಚಿರುವವರಿಗೆ ಈ ದಿನಗಳಲ್ಲಿ ಇನ್ಸುಲಿನ್ ಬೇಕಾಗುತ್ತದೆ. ‘ಒಮ್ಮೆ ಇನ್ಸುಲಿನ್ ಹಚ್ಚಿದರೆ ಜೀವನಪೂರ್ತಿ’ ಎಂಬ ಭಯದಿಂದ ಬೇಡವೆನ್ನಬೇಡಿ, ಸೋಂಕು ಇಳಿದ ಮೇಲೆ ಎಷ್ಟೋ ಜನ ಮಾತ್ರೆಗೆ ಮರಳುತ್ತಾರೆ.

ಹೆಜ್ಜೆ 7: ದಾರಿ ಹುಡುಕಿ ಮುಚ್ಚುವುದು

ಆಳಂದ ಕಡೆಯ ಒಬ್ಬ ಬಾಲಕಿಯ ಕುತ್ತಿಗೆ ಇನ್ನೂ ನನ್ನ ಕಣ್ಣಮುಂದಿದೆ. ಎಡಬದಿಯಲ್ಲಿ ಒಂದರ ಕೆಳಗೊಂದು ಎರಡು ಹಳೆಯ ಕೊಯ್ತದ ಗುರುತು, ಅವುಗಳ ನಡುವೆ ಹೊಸ ಬಾವು. ‘ನೆಗಡಿ ಬಂದರೆ ಸಾಕು ಸರ್, ಇದೇ ಜಾಗಕ್ಕೆ ಬಾವು ಬರುತ್ತದೆ’ ಎಂದು ತಾಯಿ ಹೇಳಿದ್ದರು. ರೋಗದ ಹೆಸರು ಆ ಮಾತಿನಲ್ಲೇ ಇತ್ತು. ಅಲ್ಲಿಯವರೆಗೆ ಪ್ರತಿ ಬಾರಿಯೂ ಕೀವು ತೆಗೆದಿದ್ದರು, ನಾಳವನ್ನು ಯಾರೂ ಹುಡುಕಿರಲಿಲ್ಲ. ಕಾಲುವೆಯ ತೂಬು ಮುಚ್ಚದೆ ಹೊಲದ ನೀರು ಮೊಗೆದಂತೆ ಆ ಕೆಲಸ, ಎಷ್ಟು ಮಾಡಿದರೂ ಮುಗಿಯುವುದಿಲ್ಲ.

ಮಕ್ಕಳಲ್ಲಿ ಎಡ ಥೈರಾಯ್ಡ್‌ನ ಕೀವು ಮೊದಲ ಸಲ ಬಂದಾಗಲೇ ನಾಳ ಹುಡುಕಬೇಕು. ಎರಡನೇ ಸಲಕ್ಕಾಗಿ ಕಾಯುವುದು ಬೇಡ. ಆದರೆ ಸೋಂಕು ಜೋರಾಗಿರುವಾಗ ನಾಳದ ಬಾಯಿ ಊದಿ ಮುಚ್ಚಿಕೊಂಡಿರುತ್ತದೆ, ಆಗ ಮಾಡಿದ ಬೇರಿಯಂ ಪರೀಕ್ಷೆ ಸುಳ್ಳು ಸಮಾಧಾನ ಕೊಡುತ್ತದೆ. ಬಾವು ಪೂರ್ತಿ ಇಳಿದು ಆರರಿಂದ ಎಂಟು ವಾರ ಕಳೆದ ಮೇಲೆ ಮಾಡಿಸಬೇಕು. ಮಗುವಿಗೆ ಸುಣ್ಣದ ನೀರಿನಂಥ ಬಿಳಿ ಬೇರಿಯಂ ದ್ರವ ಕುಡಿಸಿ ಎಕ್ಸ್-ರೇ ತೆಗೆದಾಗ, ನಾಳವಿದ್ದರೆ ಗುಳಿಯ ತಳದಿಂದ ಸಣ್ಣ ಬಿಳಿ ಎಳೆಯೊಂದು ಕೆಳಗಿಳಿಯುವುದು ಕಾಣುತ್ತದೆ. ಅದರಲ್ಲಿ ಕಾಣದಿದ್ದರೂ ಅರಿವಳಿಕೆ ಕೊಟ್ಟು ಎಂಡೋಸ್ಕೋಪ್‌ನಿಂದ (ಒಳಗೆ ನೋಡುವ ಕೊಳವೆಯಿಂದ) ಪೈರಿಫಾರ್ಮ್ ಗುಳಿಯನ್ನು ನೇರವಾಗಿ ನೋಡಿದಾಗ ನಾಳದ ಬಾಯಿ ಸಿಗಬಹುದು.

ಸಿಕ್ಕ ಮೇಲೆ ಎರಡು ದಾರಿ. ಮೊದಲನೆಯದು, ಬಾಯಿಯ ಮೂಲಕವೇ ಹೋಗಿ ನಾಳದ ಬಾಯನ್ನು ವಿದ್ಯುತ್ತಿನಿಂದ ಅಥವಾ ಟ್ರೈಕ್ಲೋರೋಅಸೆಟಿಕ್ ಆಮ್ಲದಿಂದ ಸುಟ್ಟು ಮುಚ್ಚುವುದು. ಹೊರಗೆ ಗಾಯವಿಲ್ಲ, ಚೇತರಿಕೆ ಬೇಗ; ಕೆಲವರಿಗೆ ಮತ್ತೊಮ್ಮೆ ಮಾಡಬೇಕಾಗುತ್ತದೆ. ಇನ್ನೊಂದು, ಕುತ್ತಿಗೆ ತೆರೆದು ಇಡೀ ನಾಳವನ್ನು, ಅಗತ್ಯವಿದ್ದರೆ ಥೈರಾಯ್ಡ್‌ನ ಆ ಬದಿಯ ಭಾಗದೊಂದಿಗೆ ತೆಗೆಯುವುದು. ಪದೇ ಪದೇ ಸೋಂಕಾಗಿ ಅಂಟಿಕೊಂಡ ಜಾಗದಲ್ಲಿ ಧ್ವನಿಯ ನರ ಹಾದುಹೋಗುವುದರಿಂದ ಇದು ಅನುಭವಿ ಕೈಗಳ ಕೆಲಸ. ಎಳೆಯ ಮಕ್ಕಳಿಗೆ ಮೊದಲು ಬಾಯಿಯ ಮೂಲಕದ ವಿಧಾನವನ್ನೇ ನೋಡುವುದು ಉಚಿತ ಎಂಬುದು ನನ್ನ ಅಭಿಪ್ರಾಯ. ಆ ಸೌಲಭ್ಯ ಎಲ್ಲಿದೆ ಎಂದು ನಿಮ್ಮ ತಜ್ಞರನ್ನು ಕೇಳಿ, ಪತ್ರ ಬರೆಸಿಕೊಂಡು ಹೋಗಿ. ತೊಗರಿ ಕಟಾವು ಮುಗಿಯಲಿ, ಜಾತ್ರೆ ಮುಗಿಯಲಿ ಎಂದು ಮುಂದೂಡಿದ ಮಕ್ಕಳು ಹೊಸ ಕೀವಿನೊಂದಿಗೆ ಬರುತ್ತಾರೆ, ಆಗ ಎಣಿಕೆ ಮತ್ತೆ ಮೊದಲಿನಿಂದ.

ನಿಧಾನವಾಗಿ ಬೆಳೆಯುವ ಸೋಂಕುಗಳು

ವಾರಗಟ್ಟಲೆ ಸಣ್ಣ ಜ್ವರ, ತೂಕ ಇಳಿತ, ಹೆಚ್ಚು ಕೆಂಪು ಬಿಸಿ ಇಲ್ಲದ ಬಾವು ಇದ್ದರೆ ಕ್ಷಯವನ್ನು ನೆನೆಯಬೇಕು. ಥೈರಾಯ್ಡ್‌ಗೆ ಕ್ಷಯ ತಗುಲುವುದು ತೀರಾ ವಿರಳ, ಆದರೆ ಕ್ಷಯ ನಮ್ಮಲ್ಲಿ ವಿರಳವಲ್ಲ. ಎದೆಯ ಎಕ್ಸ್-ರೇ ಕೂಡ ತೆಗೆಸಬೇಕು. ಔಷಧ ಸಾಮಾನ್ಯವಾಗಿ ಆರು ತಿಂಗಳು: ಮೊದಲ ಎರಡು ತಿಂಗಳು ನಾಲ್ಕು ಔಷಧ, ನಂತರ ನಾಲ್ಕು ತಿಂಗಳು ಮೂರು. ಸರ್ಕಾರಿ ಆಸ್ಪತ್ರೆಗಳಲ್ಲಿ ಪೂರ್ತಿ ಉಚಿತ, ನಿಕ್ಷಯ್ ಪೋಷಣ್ ಯೋಜನೆಯಲ್ಲಿ ಚಿಕಿತ್ಸೆಯ ಅವಧಿಗೆ ತಿಂಗಳಿಗೆ 1,000 ರೂಪಾಯಿ ಪೌಷ್ಟಿಕ ಆಹಾರಕ್ಕಾಗಿ ಖಾತೆಗೆ ಬರುತ್ತದೆ.

ಕುರಿ, ಮೇಕೆ ಸಾಕುವವರು, ಹಸಿ ಹಾಲು ಕುಡಿಯುವವರು, ಕಂದು ಹಾಕಿದ (ಗರ್ಭಪಾತವಾದ) ಜಾನುವಾರನ್ನು ಬರಿಗೈಯಲ್ಲಿ ಮುಟ್ಟಿದವರು ಜಾನುವಾರಿನಿಂದ ಮನುಷ್ಯರಿಗೆ ಅಂಟುವ ಬ್ರುಸೆಲ್ಲಾ ಎಂಬ ಬ್ಯಾಕ್ಟೀರಿಯಾದ ಬಗ್ಗೆ ಕೇಳಿರಬೇಕು. ಬಿಟ್ಟು ಬಿಟ್ಟು ಬರುವ ಜ್ವರ, ರಾತ್ರಿ ಬೆವರು, ಸೊಂಟ ಮತ್ತು ಕೀಲು ನೋವು ಅದರ ಗುಣ. ಥೈರಾಯ್ಡ್‌ಗೆ ತಗುಲುವುದು ಅಪರೂಪದಲ್ಲಿ ಅಪರೂಪ. ಕುರಿಗಾಹಿ ಕುಟುಂಬದಿಂದ ಬಂದಿದ್ದೀರಿ ಎಂಬುದನ್ನು ವೈದ್ಯರು ಕೇಳದಿದ್ದರೂ ನೀವೇ ಹೇಳಿ. ಕಲ್ಚರ್ ಮಾಡುವ ಪ್ರಯೋಗಾಲಯಕ್ಕೂ ಮೊದಲೇ ತಿಳಿಸಬೇಕು, ಆ ರೋಗಾಣು ಅಲ್ಲಿನ ಸಿಬ್ಬಂದಿಗೂ ಅಂಟಬಲ್ಲದು. ಚಿಕಿತ್ಸೆಗೆ ಡಾಕ್ಸಿಸೈಕ್ಲಿನ್ ಜೊತೆ ಇನ್ನೊಂದು ಔಷಧ ಸೇರಿಸಿ ಕನಿಷ್ಠ ಆರು ವಾರ ಬೇಕು. ಎಂಟು ವರ್ಷದೊಳಗಿನ ಮಕ್ಕಳಿಗೆ, ಗರ್ಭಿಣಿಯರಿಗೆ ಬೇರೆ ಔಷಧ ಆರಿಸುತ್ತಾರೆ.

ಹೆಜ್ಜೆ 8: ಮನೆಗೆ ಬಂದ ಮೇಲೆ

ಉಳಿದ ಮಾತ್ರೆಗಳನ್ನು ಕೊನೆಯ ದಿನದವರೆಗೆ ನುಂಗಿ. ಜ್ವರ ಮರಳಿದರೆ, ನುಂಗಲು ಮತ್ತೆ ಕಷ್ಟವಾದರೆ, ಗಾಯದಿಂದ ಕೀವು ಅಥವಾ ಕುಡಿದ ನೀರು, ಹಾಲು ಹೊರಬಂದರೆ ಅದೇ ದಿನ ಹಿಂತಿರುಗಿ. ಕುಡಿದದ್ದು ಗಾಯದಿಂದ ಬರುವುದು ಒಳದಾರಿ ಇರುವ ನೇರ ಗುರುತು. ಗಂಟಲಿಗೆ ಇರಿಯದ ಮೆತ್ತನೆಯ ಊಟ ಕೆಲವು ದಿನ ಸಾಕು, ಪಥ್ಯವೆಂದು ಮೊಸರು, ಬಾಳೆಹಣ್ಣು ಬಿಡಿಸುವ ಅಗತ್ಯವಿಲ್ಲ.

ಆರನೇ ವಾರಕ್ಕೆ ಒಂದು ಸಲ ಟಿಎಸ್‌ಎಚ್ ನೋಡಿಸಿ, ಮತ್ತೆ ಮೂರು ಮತ್ತು ಆರು ತಿಂಗಳಿಗೆ. ಗ್ರಂಥಿಯ ದೊಡ್ಡ ಭಾಗ ಹಾಳಾಗಿದ್ದವರಿಗೆ ಹಾರ್ಮೋನು ಕೊರತೆ ಬರಬಹುದು, ಕೆಲವರಿಗೆ ಅದು ತಾತ್ಕಾಲಿಕ. ಬೆಳೆಯುವ ಮಗುವಿನಲ್ಲಿ ಈ ಪರೀಕ್ಷೆ ತಪ್ಪಿಸಲೇಬಾರದು, ಕೊರತೆಯಿಂದ ಎತ್ತರ, ಓದು ಎರಡೂ ಕುಂಠಿತವಾಗುತ್ತವೆ. ದೊಡ್ಡವರಲ್ಲಿ ಬಾವು ಇಳಿದ ಮೇಲೆ ಮತ್ತೊಂದು ಅಲ್ಟ್ರಾಸೌಂಡ್ ಮಾಡಿಸಿ, ಹಿಂದೆ ಅಡಗಿದ್ದ ಗಂಟು ಉಳಿದಿದೆಯೇ ಎಂದು ನೋಡಬೇಕು. ಉಳಿದಿದ್ದರೆ ಅದರ ತನಿಖೆ ಪ್ರತ್ಯೇಕ.

ಬಿಡುಗಡೆ ಪತ್ರ, ಕಲ್ಚರ್ ವರದಿ, ಸ್ಕ್ಯಾನ್ ವರದಿಗಳನ್ನು ಒಂದೇ ಫೈಲಿನಲ್ಲಿ ಇಟ್ಟು, ಮೊಬೈಲ್‌ನಲ್ಲೂ ಫೋಟೊ ತೆಗೆದಿಟ್ಟುಕೊಳ್ಳಿ. ಕಬ್ಬು ಕಡಿಯಲು ಅಥವಾ ಕಟ್ಟಡ ಕೆಲಸಕ್ಕೆಂದು ಮುಂಬೈ, ಪುಣೆ, ಹೈದರಾಬಾದ್‌ಗೆ ವಲಸೆ ಹೋಗುವ ಕುಟುಂಬಗಳಿಗೆ ಇದು ಇನ್ನೂ ಮುಖ್ಯ. ಮುಂದಿನ ಸಲ ಬಾವು ಬಂದಾಗ ಯಾವ ಊರಿನಲ್ಲಿದ್ದರೂ ಅಲ್ಲಿನ ವೈದ್ಯರ ಕೈಗೆ ಮೊದಲು ಆ ಫೈಲನ್ನೇ ಕೊಡಿ, ಎಡಬದಿಯ ನಾಳವನ್ನು ಹುಡುಕಿದ್ದಾರೋ ಇಲ್ಲವೋ ಎಂಬುದನ್ನು ಬಾಯಿಬಿಟ್ಟು ಹೇಳಿ.